ಕೆಳಗೆ ಪಬ್ ಇರುತ್ತದೆ, ಮೇಲೆ ಫ್ಲ್ಯಾಟ್: ಲಂಡನ್ನಿನ ಒಂದು ಪ್ರಕರಣ

ದಕ್ಷಿಣ ಲಂಡನ್ನಿನ ಒಂದು ಹಳೆಯ ಪಬ್ಬನ್ನು ಕಂಪನಿಯೊಂದು ಕೊಂಡು, ಅದರಲ್ಲಿ ಫ್ಲ್ಯಾಟ್ ಮಾಡಲು ಹೊರಟಿತು. ಬಡಾವಣೆಯವರು ವಿರೋಧಿಸಿದರು. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಅನುಮತಿ ಕೊಡಲಿಲ್ಲ, ಕಂಪನಿ ಮೇಲ್ಮನವಿ ಹಾಕಿತು, ಆಮೇಲೆ ಇನ್ನೊಂದು ಅರ್ಜಿಯೂ ಬಂತು. ಇಂಥ ಜಗಳ ಇಂಗ್ಲೆಂಡಿನಲ್ಲಿ ಹೊಸದೇನಲ್ಲ. ಆದರೆ ಇಲ್ಲಿ ಗೆಲ್ಲುತ್ತದೆ ಅಂತ ಎಲ್ಲರೂ ನಂಬಿದ್ದ ವಾದ ಸೋತಿತು. ಯಾರೂ ಮೊದಲು ಗಮನಿಸದೇ ಇದ್ದ ಇನ್ನೊಂದು ವಾದ ಪಬ್ಬನ್ನು ಉಳಿಸಿತು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪಬ್, ಬೀದಿ, ಕೌನ್ಸಿಲ್, ಕಂಪನಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕಟ್ಟಡದ ಕೆಲವು ವಿವರ ಬದಲಿಸಿದ್ದೇನೆ. ಕಾನೂನು, ನೀತಿ ಮಾತ್ರ ಇದ್ದದ್ದು ಇದ್ದ ಹಾಗೆ. ನಾನು ಆಗ ಅದೇ ಬಡಾವಣೆಯಲ್ಲಿದ್ದೆ. ಕಟ್ಟಡದ ನಕ್ಷೆ ಓದುವುದು ನನ್ನ ವೃತ್ತಿ. ಹಾಗಾಗಿ ಅರ್ಜಿಯ ಕಾಗದಪತ್ರಗಳನ್ನು ನಿವಾಸಿಗಳ ಗುಂಪಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಹಿನ್ನೆಲೆ

ಪಬ್ ಅಂದ ಕೂಡಲೇ ಬೆಂಗಳೂರಿನವರಿಗೆ ಜೋರು ಸಂಗೀತ, ಶನಿವಾರ ರಾತ್ರಿ ನೆನಪಾಗಬಹುದು. ಇಂಗ್ಲೆಂಡಿನ ಬಡಾವಣೆಯ ಪಬ್ ಬೇರೆ ಥರ. ಭಾನುವಾರ ಮಧ್ಯಾಹ್ನ ಮಕ್ಕಳು ಮರಿ ಸಮೇತ ಊಟಕ್ಕೆ ಬರುತ್ತಾರೆ. ಅಂತ್ಯಕ್ರಿಯೆ ಮುಗಿಸಿ ನೇರ ಅಲ್ಲಿಗೆ ಬಂದು ತೀರಿಕೊಂಡವರ ಬಗ್ಗೆ ಮಾತಾಡುತ್ತಾ ಕೂರುತ್ತಾರೆ. ಒಂಟಿಯಾಗಿರುವ ವಯಸ್ಸಾದವರು ಒಂದೇ ಗ್ಲಾಸ್ ಹಿಡಿದು ಸಂಜೆಯೆಲ್ಲ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ನಮ್ಮ ಕಡೆಯ ಅರಳಿಕಟ್ಟೆಗೆ ಗೋಡೆ, ಸೂರು ಕಟ್ಟಿದ ಹಾಗೆ.

ಈ ಪಬ್ ವಿಕ್ಟೋರಿಯಾ ಕಾಲದ್ದು. ಎರಡು ಬೀದಿ ಕೂಡುವ ಮೂಲೆಯಲ್ಲಿತ್ತು. ಕೆಳಗೆ ಹಸಿರು ಹೊಳಪಿನ ಟೈಲ್ಸ್, ಮೇಲೆ ಇಟ್ಟಿಗೆ. ನೆಲಮಹಡಿಯಲ್ಲಿ ಬಾರ್ ಮತ್ತು ಅಡುಗೆಮನೆ, ಅದರ ಕೆಳಗೆ ಬಿಯರ್ ಪೀಪಾಯಿ ಇಡುವ ನೆಲಮಾಳಿಗೆ. ಮೊದಲ ಮಹಡಿಯಲ್ಲಿ ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ದೊಡ್ಡ ಕೋಣೆ. ಎರಡನೆಯದರಲ್ಲಿ ಪಬ್ ನಡೆಸುವವರ ಮನೆ. ಹಿಂದೆ ಒಂದಿಷ್ಟು ತೋಟ.

ಕಟ್ಟಡ ಪಾರಂಪರಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಸುತ್ತಲಿನ ಬೀದಿಗಳೆಲ್ಲ ಸಂರಕ್ಷಿತ ಪ್ರದೇಶ, ಅಂದರೆ ಹಳೆಯ ಸ್ವರೂಪ ಕೆಡದಂತೆ ಕಾಯುವ ಜಾಗ. ಈ ವ್ಯವಸ್ಥೆ 1967ರ ಕಾಯ್ದೆಯಿಂದ ಶುರುವಾಯಿತು. ಇಂಗ್ಲೆಂಡಿನಲ್ಲಿ ಇಂಥ ಪ್ರದೇಶಗಳು ಈಗ ಸುಮಾರು 10,000 ಇವೆ. ಇಲ್ಲಿ ಏನಾದರೂ ಕಟ್ಟಲು ಅನುಮತಿ ಕೊಡುವಾಗ, ಪ್ರದೇಶದ ಸ್ವಭಾವ ಅಥವಾ ನೋಟವನ್ನು ಉಳಿಸುವುದಕ್ಕೆ, ಇನ್ನೂ ಚೆನ್ನಾಗಿ ಮಾಡುವುದಕ್ಕೆ ವಿಶೇಷ ಗಮನ ಕೊಡಬೇಕು ಅಂತ 1990ರ ಕಾಯ್ದೆಯ 72ನೇ ಸೆಕ್ಷನ್ ಹೇಳುತ್ತದೆ. ಅನುಮತಿಯಿಲ್ಲದೆ ಕಟ್ಟಡ ಕೆಡವಿದರೆ ಅದು ಅಪರಾಧ.

ಪಬ್ ಮೊದಲು ಹಲವು ಪಬ್‌ಗಳಿರುವ ದೊಡ್ಡ ಸರಪಳಿ ಕಂಪನಿಯೊಂದರ ಕೈಯಲ್ಲಿತ್ತು. ಬಾಡಿಗೆಗೆ ನಡೆಸುವವರು ಬಿಯರನ್ನು ಅದೇ ಕಂಪನಿಯಿಂದ, ಅದು ಹೇಳಿದ ಬೆಲೆಗೆ ಕೊಳ್ಳಬೇಕು. ಅಲ್ಲಿ ಇದು ಹಳೆಯ ಪದ್ಧತಿ. ಇದರಲ್ಲಿ ಬಾಡಿಗೆದಾರರಿಗೆ ಅನ್ಯಾಯ ಆಗುತ್ತದೆ ಅಂತಲೇ 2016ರಲ್ಲಿ ಪಬ್ಸ್ ಕೋಡ್ ಅನ್ನುವ ನಿಯಮಾವಳಿ ಬಂತು. 500 ಅಥವಾ ಅದಕ್ಕಿಂತ ಜಾಸ್ತಿ ಇಂಥ ಪಬ್‌ಗಳಿರುವ ಕಂಪನಿಗಳಿಗೆ ಅದು ಅನ್ವಯಿಸುತ್ತದೆ. ಈ ಪಬ್ಬಿನ ಕೊನೆಯ ಬಾಡಿಗೆದಾರರು ನಷ್ಟ ತಾಳಲಾರದೆ ಬಿಟ್ಟುಹೋದರು. ಬಾಗಿಲು ಮುಚ್ಚಿತು. ಸರಪಳಿ ಕಟ್ಟಡವನ್ನು ಮಾರಿಬಿಟ್ಟಿತು.

ಅರ್ಜಿ

ಕೊಂಡ ಕಂಪನಿ ಜಾಣತನದಿಂದ ಅರ್ಜಿ ಹಾಕಿತು. ಪಬ್ ತೆಗೆಯುತ್ತೇವೆ ಅಂತ ಎಲ್ಲೂ ಹೇಳಲಿಲ್ಲ. "ಪಬ್ಬನ್ನು ಉಳಿಸಿಕೊಂಡು ಏಳು ಫ್ಲ್ಯಾಟ್" ಅಂತ ಬರೆದಿತ್ತು. ಮೇಲಿನ ಎರಡು ಮಹಡಿ ಪೂರ್ತಿ ಫ್ಲ್ಯಾಟ್. ಅದರ ಮೇಲೆ ಇಳಿಜಾರು ಮಾಡಿನೊಳಗೆ ಹೊಸದೊಂದು ಮಹಡಿ. ಹಿಂದಿನ ತೋಟದಲ್ಲಿ ಇನ್ನೊಂದು ಸಣ್ಣ ಕಟ್ಟಡ. ನೆಲಮಹಡಿಯ ಮುಂಭಾಗದಲ್ಲಿ ಪಬ್ ಹಾಗೇ ಇರುತ್ತದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 2017ರ ಮೇವರೆಗೆ ಇಂಗ್ಲೆಂಡಿನ ಹೆಚ್ಚಿನ ಪಬ್‌ಗಳನ್ನು ಪ್ಲಾನಿಂಗ್ ಅನುಮತಿ ಇಲ್ಲದೆಯೇ ಅಂಗಡಿ ಮಾಡಬಹುದಿತ್ತು. ಎಷ್ಟೋ ಪಬ್‌ಗಳು ಹಾಗೆ ಸೂಪರ್‌ಮಾರ್ಕೆಟ್ ಆದವು. ಆ ದಾರಿ ಮುಚ್ಚಿತು. ಇಡೀ ನಗರದ ಕಟ್ಟಡ, ಬೆಳವಣಿಗೆಗೆ ನೀತಿ ಹಾಕುವ 2021ರ ಲಂಡನ್ ಪ್ಲಾನ್ ಇನ್ನೂ ಬಿಗಿ ಮಾಡಿತು. ಅದರ ಎಚ್‌ಸಿ7 ನೀತಿಯ ಪ್ರಕಾರ, ಜನಕ್ಕೆ ಬೇಕಾದ ಪಬ್ಬನ್ನು ತೆಗೆಯಬೇಕಾದರೆ, ಅದನ್ನು ಪಬ್ ಆಗಿಯೇ ನಡೆಸಲು ಯಾರೂ ಮುಂದೆ ಬರಲಿಲ್ಲ ಅಂತ ಸಾಬೀತು ಮಾಡಬೇಕು. ಅದಕ್ಕಾಗಿ ಕನಿಷ್ಠ 24 ತಿಂಗಳು ಸರಿಯಾದ ಬೆಲೆಗೆ ಮಾರುಕಟ್ಟೆಯಲ್ಲಿ ಇಟ್ಟಿರಬೇಕು.

ಕಂಪನಿ ಪಬ್ ತೆಗೆಯುತ್ತೇವೆ ಅನ್ನಲೇ ಇಲ್ಲವಲ್ಲ, ಹಾಗಾಗಿ 24 ತಿಂಗಳ ಪರೀಕ್ಷೆ ಅದಕ್ಕೆ ಬರಲೇ ಇಲ್ಲ. ಇದನ್ನು ಗುರುತಿಸಲು ಗುಂಪಿಗೆ ಬಹಳ ದಿನ ಹಿಡಿಯಿತು.

ಮೊದಲ ಪ್ರಯತ್ನಗಳು

ಬಡಾವಣೆಯವರಿಗೆ ಸಿಟ್ಟು ಬಂದಿತ್ತು. ಕೌನ್ಸಿಲ್‌ಗೆ ಪತ್ರಗಳ ಮೇಲೆ ಪತ್ರ ಹೋದವು. ಓದಿದರೆ ಕಣ್ಣು ತುಂಬುವಂಥವೂ ಇದ್ದವು. ಒಬ್ಬಾಕೆ ಗಂಡನನ್ನು ಮೊದಲು ನೋಡಿದ್ದೇ ಆ ಬಾರಿನಲ್ಲಂತೆ. ಆದರೆ ಪ್ಲಾನಿಂಗ್ ನಿರ್ಧಾರಕ್ಕೆ ಎಲ್ಲ ಮಾತೂ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ, ಆ ಕಂಪನಿಯವರು ದುರಾಸೆಯವರು, ಇಂಥವನ್ನು ಕೌನ್ಸಿಲ್‌ನ ಪ್ಲಾನಿಂಗ್ ಅಧಿಕಾರಿ ಪರಿಗಣಿಸುವ ಹಾಗೇ ಇಲ್ಲ. ಪತ್ರಗಳಲ್ಲಿ ಹೆಚ್ಚಿನವು ಇಂಥವೇ ಆಗಿದ್ದವು.

ಗುಂಪಿನ ಮುಂದಾಳುಗಳು ಕಟ್ಟಡದ ಅಂದದ ವಾದವನ್ನು ಗಟ್ಟಿಯಾಗಿ ಹಿಡಿದರು. ಮೇಲೆ ಇನ್ನೊಂದು ಮಹಡಿ ಬಂದರೆ ಬೀದಿಯ ಸಾಲು ಕೆಡುತ್ತದೆ, ಸಂರಕ್ಷಿತ ಪ್ರದೇಶದ ನೋಟ ಹಾಳಾಗುತ್ತದೆ ಅಂತ. ಗೆಲ್ಲುವ ವಾದ ಇದೇ ಅಂತ ಎಲ್ಲರಿಗೂ ಅನ್ನಿಸಿತ್ತು.

ಇನ್ನೊಂದು ಕಡೆ ಪಬ್ಬನ್ನು ಸಮುದಾಯದ ಆಸ್ತಿ ಅಂತ ನೋಂದಾಯಿಸಲು ಅರ್ಜಿ ಹಾಕಿದರು. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಸ್ಥಳೀಯ ಮತದಾರರು 21 ಜನ ಸೇರಿದರೆ ಸಾಕು, ಅರ್ಜಿ ಹಾಕಬಹುದು. ಒಪ್ಪಿದರೆ ಐದು ವರ್ಷ ಪಟ್ಟಿಯಲ್ಲಿರುತ್ತದೆ. ಅಷ್ಟರಲ್ಲಿ ಮಾಲೀಕರು ಮಾರಲು ಹೊರಟರೆ ಆರು ವಾರ ಕಾಯಬೇಕು. ಸಮುದಾಯದ ಗುಂಪು ನಾವು ಕೊಳ್ಳಲು ಪ್ರಯತ್ನಿಸುತ್ತೇವೆ ಅಂದರೆ ಆರು ತಿಂಗಳು. ಗುಂಪಿಗೇ ಮಾರಬೇಕು ಅಂತೇನೂ ಇಲ್ಲ, ಸಮಯ ಸಿಗುತ್ತದೆ ಅಷ್ಟೇ. ಕೌನ್ಸಿಲ್ ಒಪ್ಪಿತು. ಆದರೆ ಪಬ್ ಆಗಲೇ ಮಾರಿಹೋಗಿತ್ತು. ಬಾಗಿಲು ಮುಚ್ಚುವ ಮೊದಲೇ ಇದನ್ನು ಮಾಡಿದ್ದರೆ ಕಥೆ ಬೇರೆ ಆಗಬಹುದಿತ್ತು. ಆದರೂ ನೋಂದಣಿ ವ್ಯರ್ಥವಾಗಲಿಲ್ಲ. ಪಬ್ ಜನಕ್ಕೆ ಬೇಕು ಅನ್ನುವುದಕ್ಕೆ ಕೌನ್ಸಿಲ್‌ನದೇ ಒಂದು ದಾಖಲೆ ಸಿಕ್ಕಿತು.

ಈ ನಡುವೆ ಒಂದು ವಾರಾಂತ್ಯ ಪಬ್ಬಿನ ಒಳಗೆ ಸುತ್ತಿಗೆ ಸದ್ದು ಕೇಳಿಸಿತು. ಸೋಮವಾರದ ಹೊತ್ತಿಗೆ ಹಳೆಯ ಮರದ ಕೌಂಟರ್ ಇರಲಿಲ್ಲ, ಅದರ ಹಿಂದಿನ ಕೆತ್ತನೆಯ ಗಾಜೂ ಇರಲಿಲ್ಲ. ಓಡಿಹೋಗಿ ಕೌನ್ಸಿಲ್‌ಗೆ ದೂರು ಕೊಟ್ಟರು. ಏನೂ ಮಾಡುವ ಹಾಗಿಲ್ಲ ಅಂತ ಉತ್ತರ ಬಂತು. ಅದು ನಿಜ ಕೂಡ. ಸಂರಕ್ಷಿತ ಪ್ರದೇಶದ ನಿಯಮ ಕಟ್ಟಡದ ಹೊರಗಿನದನ್ನು ಕಾಯುತ್ತದೆ. ಒಳಗಿನದು ಉಳಿಯಬೇಕಾದರೆ ಕಟ್ಟಡವೇ ರಾಷ್ಟ್ರೀಯ ಪಟ್ಟಿಯಲ್ಲಿರಬೇಕು. ಆ ಪಟ್ಟಿಗೆ ಸೇರಿಸಿ ಅಂತ ಯಾರು ಬೇಕಾದರೂ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಗೆ ಅರ್ಜಿ ಹಾಕಬಹುದು. ಇಲ್ಲಿ ಯಾರೂ ಹಾಕಿರಲಿಲ್ಲ. ಒಳಗಿನ ಸರಿಯಾದ ಫೋಟೋಗಳೂ ಇರಲಿಲ್ಲ.

ಲಂಡನ್ನಿನದೇ ಕಾರ್ಲ್‌ಟನ್ ಟಾವರ್ನ್ ಪ್ರಕರಣ ಇಲ್ಲಿ ನೆನಪಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಅದರ ಮಾಲೀಕರು ಅನುಮತಿಯೇ ಇಲ್ಲದೆ ಪಬ್ಬನ್ನು ಕೆಡವಿಹಾಕಿದರು. ಆದರೆ ಸ್ಥಳೀಯರು ಅಷ್ಟರಲ್ಲೇ ಪಟ್ಟಿಗೆ ಸೇರಿಸಲು ಕೇಳಿದ್ದರು, ಕಟ್ಟಡದ ವಿವರಗಳು ದಾಖಲಾಗಿದ್ದವು. ವೆಸ್ಟ್‌ಮಿನ್ಸ್ಟರ್ ಕೌನ್ಸಿಲ್ ಇದ್ದ ಹಾಗೇ ಮತ್ತೆ ಕಟ್ಟಿ ಅಂತ ಆದೇಶ ಕೊಟ್ಟಿತು. ಮೇಲ್ಮನವಿಯಲ್ಲೂ ಆದೇಶ ನಿಂತಿತು. 2021ರ ಏಪ್ರಿಲ್‌ನಲ್ಲಿ ಆ ಪಬ್ ಮತ್ತೆ ಬಾಗಿಲು ತೆರೆಯಿತು. ದಾಖಲೆ ಇಲ್ಲದಿದ್ದರೆ ಏನನ್ನು ನೋಡಿ ಕಟ್ಟುವುದು, ಅಲ್ವಾ? ನಮ್ಮ ಬಡಾವಣೆಯ ಪಬ್ಬಿನ ಕೌಂಟರ್ ಹೇಗಿತ್ತು ಅನ್ನುವುದು ಇವತ್ತು ಬರೀ ಬಾಯಿಮಾತಿನಲ್ಲಿ ಉಳಿದಿದೆ. ಅದು ನನಗೆ ಈಗಲೂ ಬೇಸರದ ವಿಷಯ.

ನಕ್ಷೆಯಲ್ಲಿ ಕಂಡದ್ದು

ಹೊರಗಿನ ನೋಟದ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದಾಗ, ಈಗಿನ ಮತ್ತು ಮುಂದಿನ ನೆಲಮಹಡಿ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಒಂದು ಸಂಜೆ ಕೂತೆವು. ಹಿಂದೆ ಬೇರೆ ಪಬ್ ನಡೆಸಿ ನಿವೃತ್ತರಾದ ಒಬ್ಬರು ಜೊತೆಗಿದ್ದರು. ಅವರು ಕೇಳಿದ ಮೊದಲ ಪ್ರಶ್ನೆಯೇ ಇದು: "ಅಡುಗೆ ಎಲ್ಲಿ ಮಾಡುತ್ತಾರೆ?"

ಅಡುಗೆಮನೆ ಇದ್ದ ಜಾಗದಲ್ಲಿ ಫ್ಲ್ಯಾಟ್‌ಗಳಿಗೆ ಹೋಗುವ ಮೆಟ್ಟಿಲಿತ್ತು. ಬಾರಿನ ಹಿಂದೆ ಒಂದು ಸಿಂಕ್ ಮತ್ತು ಫ್ರಿಜ್ ಇಡುವಷ್ಟು ಮೂಲೆ ತೋರಿಸಿದ್ದರು. ಅಲ್ಲಿ ಒಲೆ ಇಟ್ಟರೂ ಹೊಗೆ ಹೋಗಲು ದಾರಿಯಿಲ್ಲ. ಕೊಳವೆ ಮೇಲೆ ಹತ್ತಿಸಿದರೆ ಯಾರದ್ದಾದರೂ ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲೇ ಹೋಗಬೇಕು. ನೆಲಮಾಳಿಗೆಯ ಅರ್ಧ ಭಾಗ ಫ್ಲ್ಯಾಟ್‌ನವರ ಸೈಕಲ್ ಇಡಲು. ಪೀಪಾಯಿ ಇಳಿಸುವ ಬಾಗಿಲ ಮುಂದೆ ಕಸದ ಡಬ್ಬಿಗಳ ಸಾಲು. ತೋಟ ಇಲ್ಲ. ಸಮಾರಂಭದ ಕೋಣೆ ಇಲ್ಲ. ಪಬ್ ನಡೆಸುವವರಿಗೆ ಮನೆ ಇಲ್ಲ. ಬಾರಿನ ನೇರ ಮೇಲೆ ಮಲಗುವ ಕೋಣೆಗಳು.

ಊಟ ಇಲ್ಲದೆ, ತೋಟ ಇಲ್ಲದೆ, ಮೇಲಿನವರ ದೂರಿಗೆ ಹೆದರಿಕೊಂಡು ಪಬ್ ಎಷ್ಟು ದಿನ ನಡೆದೀತು? ಒಂದೆರಡು ವರ್ಷದಲ್ಲಿ ಮುಚ್ಚುತ್ತದೆ. ಆಗ ನೋಡಿ, ನಡೆಯಲಿಲ್ಲ ಅಂತ ಅದನ್ನೂ ಫ್ಲ್ಯಾಟ್ ಮಾಡಲು ಅರ್ಜಿ ಬರುತ್ತದೆ. ಕಂಪನಿಯ ಮನಸ್ಸಿನಲ್ಲಿ ಇದೇ ಇತ್ತು ಅಂತ ನಾನು ಹೇಳಲಾರೆ. ಉದ್ದೇಶ ಏನೇ ಇರಲಿ, ನಕ್ಷೆ ಹೋಗುವ ದಾರಿ ಅದೇ.

ಎಚ್‌ಸಿ7 ನೀತಿಯಲ್ಲಿ ಇದಕ್ಕೂ ಒಂದು ಭಾಗವಿದೆ. ಪಬ್ಬಿಗೆ ಸೇರಿದ ಮನೆ, ಕೋಣೆ, ಆವರಣದಲ್ಲಿ ಏನಾದರೂ ಮಾಡಿ ಪಬ್ ನಡೆಯುವುದಕ್ಕೇ ತೊಂದರೆಯಾಗುವಂತಿದ್ದರೆ ಅದನ್ನು ಒಪ್ಪಬಾರದು ಅನ್ನುತ್ತದೆ. ಅಧಿಕಾರಿಯ ವರದಿಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: "ಪಬ್ ಬಳಕೆ ಉಳಿಯುವುದರಿಂದ ಆಕ್ಷೇಪವಿಲ್ಲ." ಏಳು ಮನೆಗಳ ಲಾಭದ ಮುಂದೆ ಸಂರಕ್ಷಿತ ಪ್ರದೇಶಕ್ಕೆ ಆಗುವ ಹಾನಿ ಚಿಕ್ಕದು, ಅನುಮತಿ ಕೊಡಬಹುದು ಅಂತ ವರದಿ ಶಿಫಾರಸು ಮಾಡಿತ್ತು. ಅಧಿಕಾರಿಯನ್ನು ದೂರುವುದು ಸುಲಭ. ಲಂಡನ್ನಿನಲ್ಲಿ ಮನೆಗಳ ಕೊರತೆ ಎಷ್ಟಿದೆ ಅಂತ ಬಾಡಿಗೆಗೆ ಹುಡುಕಿದ ಎಲ್ಲರಿಗೂ ಗೊತ್ತು. ಕೌನ್ಸಿಲ್ ಮೇಲೆ ಹೊಸ ಮನೆಗಳ ಗುರಿ ಮುಟ್ಟುವ ಒತ್ತಡ ನಿಜವಾಗಿಯೂ ಇರುತ್ತದೆ.

ಎರಡನೆಯ ಸಾಕ್ಷಿ ಕೊನೆಯ ಬಾಡಿಗೆದಾರರ ಹತ್ತಿರ ಸಿಕ್ಕಿತು. ಮೇಲಿನ ಕೋಣೆಯ ಬುಕಿಂಗ್ ಡೈರಿಗಳನ್ನು ಅವರು ಎಸೆದಿರಲಿಲ್ಲ. ತಾಯಂದಿರ ಗುಂಪು, ಚೆಸ್ ಕ್ಲಬ್, ರಾಜಕೀಯ ಪಕ್ಷಗಳ ವಾರ್ಡ್ ಸಭೆ, ತಿಥಿಯ ಥರದ ಚಹಾ ಕೂಟ, ಮದುವೆಯ ವಾರ್ಷಿಕೋತ್ಸವ. ಒಂದು ಪುಟದಲ್ಲಿ ನಮ್ಮ ಕನ್ನಡ ಕುಟುಂಬವೊಂದರ ಮಗುವಿನ ಹುಟ್ಟುಹಬ್ಬವೂ ಇತ್ತು. ಜೊತೆಗೆ ಪಬ್ಬಿನ ಲೆಕ್ಕದ ಪುಸ್ತಕಗಳನ್ನೂ ತೋರಿಸಿದರು. ಕೋಣೆಯ ಬಾಡಿಗೆ ಮತ್ತು ಊಟ ಪಬ್ಬನ್ನು ನಡೆಸುತ್ತಿದ್ದವು. ನಷ್ಟ ಆದದ್ದು ಹಳೆಯ ಸರಪಳಿ ಕಂಪನಿಗೆ ಕಟ್ಟುವ ಬಾಡಿಗೆ ಮತ್ತು ಬಿಯರ್ ಬೆಲೆಯಿಂದ. ಪಬ್ ನಡೆಯುವುದಿಲ್ಲ ಅನ್ನುವುದಕ್ಕೂ, ಆ ಷರತ್ತಿನಲ್ಲಿ ಒಬ್ಬರಿಗೆ ನಡೆಸಲಾಗಲಿಲ್ಲ ಅನ್ನುವುದಕ್ಕೂ ತುಂಬ ವ್ಯತ್ಯಾಸವಿದೆ.

ಕಮಿಟಿ

ಅರ್ಜಿಯ ತೀರ್ಮಾನ ಮಾಡುವುದು ಕೌನ್ಸಿಲರ್‌ಗಳ ಪ್ಲಾನಿಂಗ್ ಕಮಿಟಿ. ಆ ಕೌನ್ಸಿಲ್‌ನ ಕಮಿಟಿಯಲ್ಲಿ ವಿರೋಧಿಸುವವರಿಗೆಲ್ಲ ಸೇರಿ ಸಿಗುವುದು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಏನು ಹೇಳುವುದು ಅಂತ ಗುಂಪಿನಲ್ಲೇ ಜಗಳವಾಯಿತು. ಕೊನೆಗೆ ಕಟ್ಟಡದ ಅಂದದ ಬಗ್ಗೆ ಒಂದೇ ವಾಕ್ಯ ಇಟ್ಟು, ಉಳಿದ ಸಮಯವನ್ನೆಲ್ಲ ಅಡುಗೆಮನೆ, ನೆಲಮಾಳಿಗೆ, ಡೈರಿಗೆ ಕೊಟ್ಟರು. ಮಾತಾಡಿದ್ದು ಆ ನಿವೃತ್ತ ಪಬ್ ಮಾಲೀಕರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಅದು.

ಕೌನ್ಸಿಲರ್‌ಗಳು ಕಂಪನಿಯ ಆರ್ಕಿಟೆಕ್ಟ್‌ಗೆ ಅದೇ ಪ್ರಶ್ನೆ ಕೇಳಿದರು. ಅಡುಗೆ ಎಲ್ಲಿ? ಸರಿಯಾದ ಉತ್ತರ ಬರಲಿಲ್ಲ. ಅಧಿಕಾರಿಯ ಶಿಫಾರಸಿಗೆ ವಿರುದ್ಧವಾಗಿ ಅರ್ಜಿಯನ್ನು ತಿರಸ್ಕರಿಸಲು ಹೆಚ್ಚಿನವರು ಕೈ ಎತ್ತಿದರು. ಆದರೆ ತಿರಸ್ಕರಿಸಿದರೆ ಸಾಲದು, ಕಾರಣವನ್ನು ಬರೆಯಬೇಕು. ಕಾರಣ ಸಡಿಲವಾಗಿದ್ದರೆ ಮೇಲ್ಮನವಿಯಲ್ಲಿ ಕೌನ್ಸಿಲ್ ಸೋಲುತ್ತದೆ, ನಡೆದುಕೊಂಡ ರೀತಿ ಸಮಂಜಸವಲ್ಲ ಅಂತಾದರೆ ಎದುರಿನವರ ಖರ್ಚನ್ನೂ ಕಟ್ಟಬೇಕಾಗುತ್ತದೆ. ಅಧ್ಯಕ್ಷೆ ಸಭೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ವಕೀಲರ ಜೊತೆ ಕೂತು ಕಾರಣಗಳ ಪದಪದವನ್ನೂ ಸರಿಮಾಡಿಸಿದರು. ಮೂರು ಕಾರಣ ನಿಂತವು: ಪಬ್ ನಡೆಯುವುದಕ್ಕೆ ಆಗುವ ತೊಂದರೆ, ಫ್ಲ್ಯಾಟ್‌ಗಳಿಗೆ ಬರುವ ಶಬ್ದ, ಮೇಲಿನ ಹೊಸ ಮಹಡಿಯ ನೋಟ.

ಮೇಲ್ಮನವಿ

ಇಂಥ ತಿರಸ್ಕಾರದ ಮೇಲೆ ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ಕಂಪನಿ ಹಾಕಿತು. ಸರ್ಕಾರದ ಪ್ಲಾನಿಂಗ್ ಇನ್‌ಸ್ಪೆಕ್ಟರ್ ಎಲ್ಲ ಕಾಗದ ಓದಿ, ಸ್ಥಳಕ್ಕೂ ಬಂದು ನೋಡಿದರು.

ಅವರ ನಿರ್ಧಾರ ಓದಿದಾಗ ಗುಂಪಿನ ಅರ್ಧ ಜನಕ್ಕೆ ಆಘಾತವಾಯಿತು. ಮೇಲಿನ ಹೊಸ ಮಹಡಿ ಪರವಾಗಿಲ್ಲ ಅಂದರು ಇನ್‌ಸ್ಪೆಕ್ಟರ್. ಅದೇ ಬೀದಿಯಲ್ಲಿ ಅಂಥವು ಆಗಲೇ ಇವೆ, ಹಿಂದಕ್ಕೆ ಸರಿಸಿ ಕಟ್ಟುವುದರಿಂದ ಪ್ರದೇಶದ ನೋಟಕ್ಕೆ ಧಕ್ಕೆಯಿಲ್ಲ. ಜನ ಜಾಸ್ತಿ ನಂಬಿದ್ದ ವಾದ ಅಲ್ಲಿಗೆ ಮುಗಿಯಿತು.

ಆದರೆ ಮೇಲ್ಮನವಿಯೂ ಬಿದ್ದುಹೋಯಿತು. ಉಳಿಯುವ ಪಬ್ ಹೆಸರಿಗೆ ಮಾತ್ರ ಉಳಿಯುತ್ತದೆ ಅನ್ನುವುದನ್ನು ಅವರು ಒಪ್ಪಿದರು. ಡೈರಿಯನ್ನು ತಮ್ಮ ನಿರ್ಧಾರದಲ್ಲಿ ಉಲ್ಲೇಖಿಸಿದರು. ಶಬ್ದದ ವಿಷಯದಲ್ಲೂ ಕೌನ್ಸಿಲ್ ಪರ ನಿಂತರು. ಮೊದಲೇ ಇರುವ ಪಬ್ಬಿನ ಪಕ್ಕ ಹೊಸದಾಗಿ ಮನೆ ಕಟ್ಟುವವರೇ ಶಬ್ದ ತಡೆಯುವ ಹೊಣೆ ಹೊರಬೇಕು ಅಂತ 2018ರಿಂದ ರಾಷ್ಟ್ರೀಯ ನೀತಿಯಲ್ಲಿದೆ. ಇಲ್ಲಿ ಅದಕ್ಕೆ ಸಾಕಷ್ಟು ವ್ಯವಸ್ಥೆ ತೋರಿಸಿರಲಿಲ್ಲ.

ಇನ್ನೊಂದು ಮಾತನ್ನೂ ಅವರು ಬರೆದಿದ್ದರು. ಸಂರಕ್ಷಿತ ಪ್ರದೇಶದ ಸ್ವಭಾವ ಇಟ್ಟಿಗೆಯಲ್ಲಷ್ಟೇ ಇರುವುದಿಲ್ಲ. ಆ ಮೂಲೆಯಲ್ಲಿ ಸಂಜೆ ಜನ ಬಂದು ಹೋಗುವುದು, ದೀಪ ಉರಿಯುವುದು ಕೂಡ ಅದರ ಭಾಗ. ಕಾಯ್ದೆಯಲ್ಲಿ ಸ್ವಭಾವ, ನೋಟ ಅಂತ ಎರಡೂ ಇವೆ. ನಿವಾಸಿಗಳು ಎರಡನೆಯದನ್ನೇ ಹಿಡಿದು ಹೋರಾಡಿದ್ದರು. ಬಲವಿದ್ದದ್ದು ಮೊದಲನೆಯದರಲ್ಲಿ.

ಎರಡನೆಯ ಅರ್ಜಿ

ಕೆಲವು ತಿಂಗಳ ಮೇಲೆ ಕಂಪನಿ ಹೊಸ ನಕ್ಷೆ ತಂದಿತು. ಈ ಸಲ ನಾಲ್ಕೇ ಫ್ಲ್ಯಾಟ್. ಎರಡನೆಯ ಮಹಡಿಯ ಸ್ವಲ್ಪ ಭಾಗದಲ್ಲಿ, ಹೊಸ ಮಹಡಿಯಲ್ಲಿ ಮತ್ತು ಹಿಂದಿನ ಸಣ್ಣ ಕಟ್ಟಡದಲ್ಲಿ. ಮೊದಲ ಮಹಡಿಯ ಕೋಣೆ ಪಬ್ಬಿಗೇ ಉಳಿಯಿತು. ಆ ಕೋಣೆ ಮಧ್ಯೆ ಇರುವುದರಿಂದ ಬಾರಿನ ಗದ್ದಲವೂ ನೇರವಾಗಿ ಮನೆಗಳಿಗೆ ಹೋಗುವುದಿಲ್ಲ. ಅಡುಗೆಮನೆ, ಪೂರ್ತಿ ನೆಲಮಾಳಿಗೆ, ನಡೆಸುವವರಿಗೆ ಒಂದು ಚಿಕ್ಕ ಮನೆ ಎಲ್ಲ ಇತ್ತು. ತೋಟದ ಅರ್ಧ ಹೋಯಿತು.

ಗುಂಪು ಇಲ್ಲಿ ಒಡೆಯಿತು. ಕೆಲವರು ಮತ್ತೆ ವಿರೋಧಿಸೋಣ, ಗೆದ್ದಿದ್ದೇವಲ್ಲ ಅಂದರು. ಇನ್ನು ಕೆಲವರು ಬೇಡ ಅಂದರು. ನಾನು ಎರಡನೆಯವರ ಜೊತೆಗಿದ್ದೆ. ಹೊಸ ಮಹಡಿಗೆ ಇನ್‌ಸ್ಪೆಕ್ಟರ್ ಒಪ್ಪಿಗೆ ಸಿಕ್ಕಿಯಾಗಿತ್ತು, ಅದನ್ನೇ ಹಿಡಿದು ಜಗ್ಗಿದರೆ ಸೋಲು ಖಂಡಿತ. ಕಟ್ಟಡ ಸುಮ್ನೆ ಬೀಗ ಹಾಕಿಕೊಂಡು ನಿಂತಷ್ಟು ದಿನ ಮಳೆ ನೀರು ಒಳಗಿಳಿಯುತ್ತಿತ್ತು. ಅದಕ್ಕಿಂತ, ಒಪ್ಪಿಗೆಯ ಜೊತೆ ಯಾವ ಷರತ್ತು ಬರಬೇಕು ಅನ್ನುವುದಕ್ಕೆ ಶಕ್ತಿ ಹಾಕೋಣ ಅಂತ ವಾದಿಸಿದೆವು.

ಅದು ಫಲ ಕೊಟ್ಟಿತು. ಪಬ್ ಪೂರ್ತಿ ಸಿದ್ಧವಾಗಿ ನಡೆಸುವವರ ಕೈಗೆ ಹೋಗುವವರೆಗೆ ಒಂದು ಫ್ಲ್ಯಾಟ್‌ನಲ್ಲೂ ಯಾರೂ ವಾಸಕ್ಕೆ ಬರುವಂತಿಲ್ಲ ಅಂತ ಕಾನೂನು ಒಪ್ಪಂದದಲ್ಲಿ ಸೇರಿತು. ಇದು ತುಂಬ ಮುಖ್ಯ. ಫ್ಲ್ಯಾಟ್ ಮೊದಲು ಮಾರಿ, ಪಬ್ಬನ್ನು ಬರೀ ಇಟ್ಟಿಗೆ ಗೋಡೆಯಾಗಿ ಬಿಟ್ಟುಬಿಡುವುದನ್ನು ಬೇರೆ ಕಡೆ ನೋಡಿದ್ದೆವು. ಶಬ್ದ ತಡೆಯುವ ಕೆಲಸವನ್ನು ಅಳತೆ ಮಾಡಿ ತೋರಿಸಬೇಕು ಅನ್ನುವ ಷರತ್ತೂ ಬಂತು.

ಪಬ್ ಈಗ ನಡೆಯುತ್ತಿದೆ. ಎಲ್ಲರಿಗೂ ಖುಷಿಯಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆಲೆ ಏರಿದೆ, ಹಳೆಯ ಗಿರಾಕಿಗಳಲ್ಲಿ ಹಲವರು ಮತ್ತೆ ಬರಲಿಲ್ಲ. ಹೊಸ ಕೌಂಟರ್ ಚೆನ್ನಾಗಿದೆ, ಆದರೆ ಎಲ್ಲಿ ಬೇಕಾದರೂ ಇರಬಹುದಾದ ಕೌಂಟರ್. ಮೇಲಿನ ಕೋಣೆಗೆ ಚೆಸ್ ಕ್ಲಬ್ ವಾಪಸ್ ಬಂದಿದೆ, ತಾಯಂದಿರ ಗುಂಪೂ ಬಂದಿದೆ.

ಗುಂಪು ಈಗ ನಾಲ್ಕು ಬೀದಿ ಆಚೆಯ ಇನ್ನೊಂದು ಪಬ್ಬಿನ ಕೆಲಸ ಹಿಡಿದಿದೆ. ಆ ಪಬ್ ಚೆನ್ನಾಗಿಯೇ ನಡೆಯುತ್ತಿದೆ, ಮಾರುವ ಮಾತೂ ಇಲ್ಲ. ಆದರೂ 21 ಜನರ ಸಹಿ ಹಾಕಿಸಿ ಸಮುದಾಯದ ಆಸ್ತಿ ಅಂತ ನೋಂದಾಯಿಸಿದ್ದಾರೆ. ಐದು ವರ್ಷಕ್ಕೆ ಅದನ್ನು ಮತ್ತೆ ಮಾಡಿಸಬೇಕು, ಅದರ ತಾರೀಖನ್ನು ಬರೆದಿಟ್ಟುಕೊಂಡಿದ್ದಾರೆ. ಮಾಲೀಕರ ಅನುಮತಿ ಪಡೆದು ಒಳಗಿನ ಗಾಜು, ಟೈಲ್ಸ್, ಕೌಂಟರ್, ಅಗ್ಗಿಷ್ಟಿಕೆ ಎಲ್ಲದರ ಫೋಟೋ ಮತ್ತು ಅಳತೆ ತೆಗೆದು, ಹಿಸ್ಟಾರಿಕ್ ಇಂಗ್ಲೆಂಡ್‌ಗೆ ಅರ್ಜಿಯನ್ನೂ ಕಳಿಸಿದ್ದಾರೆ.